ಗೊರೂರಿನ ಹಿನ್ನೀರಿನಲ್ಲಿ ಗಾಳಿಯ ಲೆಕ್ಕ

ಕಾಫಿ ತೋಟಗಳಲ್ಲಿ ಹವಾಮಾನ ಕೇಂದ್ರಗಳನ್ನು ನಿಲ್ಲಿಸುವುದು, ಕೆಟ್ಟಾಗ ರಿಪೇರಿ ಮಾಡುವುದು ನನ್ನ ಕಸುಬು. ಹಾಸನದ ಬಿ.ಎಂ. ರಸ್ತೆಯಿಂದ ಸ್ವಲ್ಪ ಒಳಗೆ ಅಂಗಡಿ. ಸಕಲೇಶಪುರ, ಬೇಲೂರು, ಮೂಡಿಗೆರೆ ಕಡೆಯ ಬೆಳೆಗಾರರಿಗೆ ಮಳೆಯ ಲೆಕ್ಕ ಇಂಚು ಮತ್ತು ಸೆಂಟಿನಲ್ಲಿ, ಎಂದರೆ ಇಂಚಿನ ನೂರನೆಯ ಒಂದು ಭಾಗದಲ್ಲಿ, ಬೇಕು. ಹೂಮಳೆ ಬಿದ್ದ ರಾತ್ರಿ ‘ನಿಮ್ಮ ತೋಟಕ್ಕೆ ಎಷ್ಟು ಸೆಂಟು’ ಎಂದು ಒಬ್ಬರನ್ನೊಬ್ಬರು ಫೋನಿನಲ್ಲಿ ವಿಚಾರಿಸದೆ ಮಲಗುವವರಲ್ಲ. ಗಾಳಿಯ ಮೇಲೆ ಮಾತ್ರ ಅವರಿಗೆ ಅಷ್ಟು ಆಸಕ್ತಿಯಿಲ್ಲ. ಬೋರ್ಡೋ ದ್ರಾವಣ ಸಿಂಪಡಿಸುವ ದಿನ ಒಮ್ಮೆ ಅದರ ಅಂಕಿಯತ್ತ ಕಣ್ಣು ಹಾಯಿಸುತ್ತಾರೆ, ಅಷ್ಟೆ. ಹಾಗಾಗಿ ಗಾಳಿಯೊಂದೇ ಸಾಕು ಎನ್ನುವ ಗಿರಾಕಿ ಅಂಗಡಿಗೆ ಬಂದಾಗ ನನಗೂ ಕುತೂಹಲವಾಯಿತು.

ಅವರು ನೌಕಾಪಡೆಯಲ್ಲಿದ್ದು ನಿವೃತ್ತರಾಗಿ ಹಾಸನದಲ್ಲಿ ನೆಲೆಸಿದವರು. ಕರಾವಳಿಯಲ್ಲಿ ಯಾರೋ ಮೂಲೆಗೆ ತಳ್ಳಿದ್ದ ಫೈಬರ್‌ಗ್ಲಾಸ್ ಹಾಯಿದೋಣಿಯೊಂದನ್ನು ಕೊಂಡು, ಲಾರಿಯ ಮೇಲೆ ಶಿರಾಡಿ ಘಾಟಿ ಹತ್ತಿಸಿ ತಂದಿದ್ದರು. ಗೊರೂರಿನ ಹೇಮಾವತಿ ಜಲಾಶಯದ ಹಿನ್ನೀರಿನಲ್ಲಿ ಅದನ್ನು ಇಳಿಸಲು ಬೇಕಾದ ಅನುಮತಿಯ ಓಡಾಟವನ್ನೂ ಅವರೇ ಮುಗಿಸಿದ್ದರು. ಅವರ ಬೇಡಿಕೆ ಚಿಕ್ಕದಾಗಿತ್ತು: ಗಾಳಿ ಎತ್ತಲಿಂದ, ಎಷ್ಟು ವೇಗ; ದೋಣಿ ಎತ್ತ, ಎಷ್ಟು ವೇಗ; ಕೆಳಗೆ ನೀರು ಎಷ್ಟು. ಇವೆಲ್ಲ ಚುಕ್ಕಾಣಿ ಹಿಡಿದವನ ಕಣ್ಣೆದುರು ಒಂದೇ ಕಡೆ ಕಾಣಬೇಕು.

‘ಇದು ಸಿದ್ಧವಾಗಿಯೇ ಸಿಗುತ್ತದಲ್ಲ, ಸಾರ್?’ ಎಂದೆ.

‘ಸಿಗುತ್ತದೆ. ಆ ದುಡ್ಡಿಗೆ ಇಂಥದೇ ಇನ್ನೊಂದು ದೋಣಿಯೂ ಸಿಗುತ್ತದೆ.’

ದೋಣಿಯ ಜೊತೆಗೆ ಬಂದ ಸಾಮಾನುಗಳನ್ನು ಮೇಜಿನ ಮೇಲೆ ಹರಡಿದಾಗ ಅವು ಮೂರು ಬೇರೆ ಬೇರೆ ಕಾಲಕ್ಕೆ ಸೇರಿದವು ಎಂಬುದು ಗೊತ್ತಾಯಿತು. ಕಂಬದ ತುದಿಯ ಗಾಳಿ ಸೆನ್ಸರ್ ಬರೀ ವೋಲ್ಟೇಜ್ ಕೊಡುವ ಹಳೆಯ ಮಾದರಿ; ಅದರ ಜೋಡಿ ಡಿಸ್‌ಪ್ಲೇ ನೀರು ಕುಡಿದು ಸತ್ತಿತ್ತು. ಆಳಮಾಪಕ ಎನ್‌ಎಂಇಎ 0183 ಎಂಬ ಸೀರಿಯಲ್ ಪದ್ಧತಿಯಲ್ಲಿ ಮಾತನಾಡುತ್ತಿತ್ತು. ಯಜಮಾನರು ಹೊಸದಾಗಿ ಕೊಂಡಿದ್ದ ಜಿಪಿಎಸ್ ಎನ್‌ಎಂಇಎ 2000 ಪದ್ಧತಿಯದು. ದಿಕ್ಸೂಚಿ ಎಂದರೆ ಎಣ್ಣೆ ತುಂಬಿದ ಗಾಜಿನ ಬುರುಡೆ ಮಾತ್ರ. ಅದರಿಂದ ಹೊರಬರುವ ತಂತಿಯೇ ಇಲ್ಲ. ಎಂಜಿನಿಯರಿಂಗ್ ಓದುತ್ತಿರುವ ಅಕ್ಕನ ಮಗನನ್ನು ಕರೆಸಿಕೊಂಡೆ. ತಂತಿ, ಬೆಸುಗೆ, ಮೀಟರ್ ನನ್ನ ಪಾಲು. ಪ್ರೋಗ್ರಾಂ ಬರೆಯುವುದು ಅವನ ಪಾಲು.

ಮೊದಲು ಗಾಳಿ. ತೋಟದ ಹವಾಮಾನ ಕೇಂದ್ರಗಳಲ್ಲಿ ಗಾಳಿಬಾಣದ ಕೆಳಗೆ ಸಾಮಾನ್ಯವಾಗಿ ಒಂದು ಪೊಟೆನ್ಷಿಯೋಮೀಟರ್ ಇರುತ್ತದೆ. ರೇಡಿಯೋದ ಧ್ವನಿ ಹೆಚ್ಚಿಸುವ ಗುಂಡಿಯೊಳಗಿನ ಭಾಗವೇ ಅದು, ಆದರೆ ಪೂರ್ತಿ ಸುತ್ತು ತಿರುಗುತ್ತದೆ. ಅದರ ಆದಿ ಮತ್ತು ಅಂತ್ಯ ಸೇರುವ ಕಡೆ ಕೆಲವು ಡಿಗ್ರಿ ಸತ್ತ ಜಾಗವಿರುತ್ತದೆ. ತೋಟದಲ್ಲಿ ಅದು ಯಾರಿಗೂ ತೊಂದರೆ ಕೊಡುವುದಿಲ್ಲ. ದೋಣಿಯ ಸೆನ್ಸರ್‌ನಲ್ಲಿ ಅಂಥ ಸತ್ತ ಜಾಗವೇ ಇರಲಿಲ್ಲ. ಅದಕ್ಕೆ 8 ವೋಲ್ಟ್ ಕೊಟ್ಟರೆ ಎರಡು ತಂತಿಗಳಲ್ಲಿ ಸುಮಾರು 2ರಿಂದ 6 ವೋಲ್ಟ್‌ವರೆಗೆ ಏರಿಳಿಯುವ ಸಂಕೇತ ಬರುತ್ತದೆ. ಬಾಣ ತಿರುಗಿದಂತೆ ಒಂದು ಇನ್ನೊಂದಕ್ಕಿಂತ 90 ಡಿಗ್ರಿ ಹಿಂದೆ ಬೀಳುತ್ತದೆ. ಒಂದನ್ನು ಸೈನ್, ಇನ್ನೊಂದನ್ನು ಕೊಸೈನ್ ಎಂದು ಹಿಡಿದರೆ ಕೋನ ತಾನಾಗಿ ಸಿಗುತ್ತದೆ. ಬಟ್ಟಲುಗಳು ಸುತ್ತಿದಂತೆ ಮೂರನೆಯ ತಂತಿಯಲ್ಲಿ ಮಿಡಿತಗಳು ಬರುತ್ತವೆ, ಅವುಗಳನ್ನು ಎಣಿಸಿದರೆ ವೇಗ. ಇಎಸ್‌ಪಿ 32 ಎಂಬ ಪುಟ್ಟ ಕಂಟ್ರೋಲರ್ 3.3 ವೋಲ್ಟ್‌ಗಿಂತ ಹೆಚ್ಚು ತಾಳುವುದಿಲ್ಲವಾದ್ದರಿಂದ ರೆಸಿಸ್ಟರ್ ಜೋಡಿಗಳಿಂದ ವೋಲ್ಟೇಜ್ ಇಳಿಸಿದೆವು. ಅದರೊಳಗಿನ ವೋಲ್ಟೇಜ್ ಅಳೆಯುವ ಭಾಗ ಎರಡೂ ತುದಿಗಳಲ್ಲಿ ಸೊಟ್ಟ ಓದುತ್ತದೆ ಎಂಬುದು ಈ ಕೆಲಸ ಮಾಡುವವರಿಗೆಲ್ಲ ಗೊತ್ತು. ಅದಕ್ಕೇ ಎಡಿಎಸ್ 1115 ಎಂಬ 16 ಬಿಟ್‌ನ ಬೇರೆ ಚಿಪ್ಪನ್ನು ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ತರಿಸಿ ಹಾಕಿದೆ.

ಅಂಗಡಿಯ ಫ್ಯಾನಿನ ಮುಂದೆ ಸೆನ್ಸರ್ ಇಟ್ಟು ನೋಡುವಾಗ ಅಳಿಯನಿಗೆ ಮೊದಲ ಗಂಟು ಎದುರಾಯಿತು. ಗಾಳಿ ನೇರ ದೋಣಿಯ ಮೂತಿಯ, ಎಂದರೆ ಮುಂತುದಿಯ, ಕಡೆಯಿಂದ ಬಂದಾಗ ಬಾಣ ಅತ್ತಿತ್ತ ತೂಗಾಡಿ ಒಮ್ಮೆ 350, ಒಮ್ಮೆ 10 ಡಿಗ್ರಿ ಎನ್ನುತ್ತದೆ. ಎರಡನ್ನೂ ಕೂಡಿಸಿ ಅರ್ಧ ಮಾಡಿದರೆ 180. ಅಂದರೆ ಗಾಳಿ ಬೆನ್ನ ಹಿಂದಿನಿಂದ! ಹಾಯಿದೋಣಿಗೆ ಇದಕ್ಕಿಂತ ದೊಡ್ಡ ಸುಳ್ಳು ಬೇರೆ ಇಲ್ಲ. ಕೋನಗಳನ್ನು ಅಂಕಿಗಳಂತೆ ಕೂಡಿಸಬಾರದು. ಪ್ರತಿ ಕೋನವನ್ನೂ ಸೈನ್ ಮತ್ತು ಕೊಸೈನ್ ಆಗಿ ಒಡೆದು, ಅವೆರಡರ ಸರಾಸರಿಯನ್ನು ಬೇರೆ ಬೇರೆಯಾಗಿ ತೆಗೆದು, ಮತ್ತೆ ಕೋನಕ್ಕೆ ತರಬೇಕು. ನಮ್ಮ ಸೆನ್ಸರ್ ಆ ಎರಡನ್ನೂ ಹುಟ್ಟಿನಿಂದಲೇ ಬೇರೆ ಬೇರೆ ಕೊಡುತ್ತಿದ್ದುದರಿಂದ ಕೆಲಸ ಸುಲಭವಾಯಿತು. ತೋಟದ ಕೇಂದ್ರಗಳ ದಾಖಲೆಗಳಲ್ಲಿ ‘ಸರಾಸರಿ ಗಾಳಿ ದಕ್ಷಿಣದಿಂದ’ ಎಂದು ಕಂಡಾಗಲೆಲ್ಲ ಈಗ ನನಗೆ ಅನುಮಾನ ಬರುತ್ತದೆ.

ಆಳಮಾಪಕದ ಭಾಷೆಯಾದ ಎನ್‌ಎಂಇಎ 0183 1983ರಿಂದ ಬಳಕೆಯಲ್ಲಿದೆ. ಅದನ್ನು ರೂಪಿಸಿದ್ದು ಅಮೆರಿಕದ ನ್ಯಾಷನಲ್ ಮರೀನ್ ಎಲೆಕ್ಟ್ರಾನಿಕ್ಸ್ ಅಸೋಸಿಯೇಷನ್. ಕಣ್ಣಿನಿಂದಲೇ ಓದಬಹುದಾದ ಅಕ್ಷರಗಳ ಸಾಲು ಅದು: ಡಾಲರ್ ಚಿಹ್ನೆಯಿಂದ ಆರಂಭ, ಮಾತನಾಡುವವರು ಯಾರು ಎನ್ನಲು ಎರಡಕ್ಷರ, ವಿಷಯ ಯಾವುದು ಎನ್ನಲು ಮೂರಕ್ಷರ, ಅಲ್ಪವಿರಾಮಗಳ ನಡುವೆ ಅಂಕಿಗಳು, ಕೊನೆಗೆ ನಕ್ಷತ್ರ ಚಿಹ್ನೆ ಮತ್ತು ತಪ್ಪು ಹಿಡಿಯಲು ಚೆಕ್‌ಸಮ್. ಒಂದು ಸಾಲು 82 ಅಕ್ಷರ ಮೀರುವಂತಿಲ್ಲ. ವೇಗ 4800 ಬಾಡ್; ಸೆಕೆಂಡಿಗೆ 480 ಅಕ್ಷರ, ಎಂದರೆ ಉದ್ದನೆಯ ಸಾಲುಗಳಾದರೆ ಸೆಕೆಂಡಿಗೆ ಐದಾರು ಅಷ್ಟೆ. ಆಳದ ಸಾಲು ಒಂದೇ ಅಳತೆಯನ್ನು ಅಡಿ, ಮೀಟರ್, ಫ್ಯಾದಮ್ ಮೂರರಲ್ಲೂ ಹೇಳುತ್ತದೆ. ಆ ಕಾಲದವರಿಗೆ ಯಾರನ್ನೂ ಬೇಸರಗೊಳಿಸುವ ಮನಸ್ಸಿರಲಿಲ್ಲ ಎನ್ನಿಸುತ್ತದೆ. ನಮಗೆ ಮೊದಲು ಬಂದದ್ದು ಮಾತ್ರ ಬರೀ ಗೊಜಲು ಅಕ್ಷರಗಳು. ಹಿಂದಿನವರು ಯಾರೋ ಎ ಮತ್ತು ಬಿ ತಂತಿಗಳನ್ನು ಅದಲುಬದಲು ಸೇರಿಸಿ, ಮೇಲೆ ಟೇಪ್ ಸುತ್ತಿಟ್ಟಿದ್ದರು. ಬಿಚ್ಚಿ ಸರಿಯಾಗಿ ಸೇರಿಸಿದ ಕೂಡಲೇ ಸಾಲುಗಳು ಸ್ಫುಟವಾಗಿ ಬಂದವು.

ಹೊಸ ಜಿಪಿಎಸ್‌ನ ಕಥೆ ಬೇರೆ. ಎನ್‌ಎಂಇಎ 2000 ಎಂಬುದು ಕಾರುಗಳಿಗಾಗಿ ಬಾಷ್ ಕಂಪನಿ 1980ರ ದಶಕದಲ್ಲಿ ರೂಪಿಸಿದ ಕ್ಯಾನ್ ಬಸ್ ಎಂಬ ತಂತಿಜಾಲದ ಮೇಲೆಯೇ ನಿಂತಿದೆ. ಒಂದು ಬೆನ್ನುಹುರಿ ಕೇಬಲ್, ಅದಕ್ಕೆ ಟಿ ಆಕಾರದ ಕೀಲುಗಳು, ಪ್ರತಿ ಕೀಲಿನಿಂದ ಒಂದೊಂದು ಉಪಕರಣಕ್ಕೆ 6 ಮೀಟರ್ ಮೀರದ ಕವಲು. ವೇಗ ಸೆಕೆಂಡಿಗೆ 250 ಕಿಲೋಬಿಟ್. ಇದನ್ನು ಕಣ್ಣಿನಿಂದ ಓದಲಾಗದು. ಪ್ರತಿ ವಿಷಯಕ್ಕೂ ಒಂದು ಸಂಖ್ಯೆ ಇರುತ್ತದೆ. ಗಾಳಿಗೆ 130306, ಮೂತಿಯ ದಿಕ್ಕಿಗೆ 127250, ಆಳಕ್ಕೆ 128267. ಬೆನ್ನುಹುರಿಯ ಎರಡು ತುದಿಗಳಲ್ಲೂ 120 ಓಮ್‌ನ ಒಂದೊಂದು ರೆಸಿಸ್ಟರ್ ಇರಲೇಬೇಕು. ಇಲ್ಲದಿದ್ದರೆ ಸಂಕೇತ ತುದಿಗೆ ಬಡಿದು ಹಿಂದಿರುಗಿ ತನ್ನನ್ನೇ ಕೆಡಿಸಿಕೊಳ್ಳುತ್ತದೆ. ಇಲ್ಲಿ ಕಂಪ್ಯೂಟರ್‌ಗಿಂತ ನನ್ನ ಹಳೆಯ ಮಲ್ಟಿಮೀಟರ್ ಹೆಚ್ಚು ಉಪಯೋಗಕ್ಕೆ ಬಂತು. ವಿದ್ಯುತ್ ತೆಗೆದು ಎರಡು ಸಂಕೇತ ತಂತಿಗಳ ನಡುವೆ ಅಳೆದರೆ 60 ಓಮ್ ಬರಬೇಕು. 120 ಬಂದರೆ ಒಂದು ತುದಿ ಬೋಳು, 40 ಬಂದರೆ ಯಾರೋ ಮೂರನೆಯದನ್ನೂ ಹಾಕಿದ್ದಾರೆ. ನನಗೆ 120 ಬಂತು. ಎರಡೂ ತುದಿಗಳಲ್ಲಿ ಮುಚ್ಚಳಗಳಿದ್ದವು, ನೋಡಲು ಒಂದೇ ಥರ. ಒಂದನ್ನು ಬಿಚ್ಚಿ ಅಳೆದರೆ ಒಳಗೆ ರೆಸಿಸ್ಟರೇ ಇಲ್ಲ, ಬರೀ ಪ್ಲಾಸ್ಟಿಕ್. ಮಾರಿದವರಿಗೆ ಫೋನ್ ಮಾಡಿ ಜಗಳವಾಡುವ ಬದಲು ಡಬ್ಬಿಯಲ್ಲಿದ್ದ ನಾಲ್ಕಾಣೆಯ ರೆಸಿಸ್ಟರ್ ಒಂದನ್ನು ಬೆಸುಗೆ ಹಾಕಿದೆ.

ದಿಕ್ಸೂಚಿಗೆ ಅಯಸ್ಕಾಂತ ಕ್ಷೇತ್ರ, ಓಲಾಟ, ತಿರುಗುವಿಕೆ ಮೂರನ್ನೂ ಅಳೆಯುವ ಒಂಬತ್ತು ಅಕ್ಷದ ಚಿಪ್ ತಂದೆವು. ಜಿಪಿಎಸ್ ಇದ್ದ ಮೇಲೆ ದಿಕ್ಸೂಚಿ ಏಕೆ ಎಂದು ನನಗೂ ಮೊದಲು ಅನಿಸಿತ್ತು. ಸಾಲಗಾಮೆ ರಸ್ತೆಯಲ್ಲಿ 1982ರಿಂದ ಇಸ್ರೋದ ಮುಖ್ಯ ನಿಯಂತ್ರಣ ಕೇಂದ್ರವಿರುವ ಊರಿನವರು ನಾವು. ಉಪಗ್ರಹದ ಮಾತನ್ನು ನಂಬದಿರುವುದು ಹೇಗೆ? ಆದರೆ ಜಿಪಿಎಸ್ ಹೇಳುವುದು ದೋಣಿ ಎತ್ತ ಸಾಗುತ್ತಿದೆ ಎಂದು, ಎತ್ತ ಮುಖ ಮಾಡಿದೆ ಎಂದಲ್ಲ. ಗಾಳಿ ಪಕ್ಕದಿಂದ ತಳ್ಳಿದಾಗ ಹಾಯಿದೋಣಿ ಮೂತಿ ಒಂದು ಕಡೆ, ನಡಿಗೆ ಇನ್ನೊಂದು ಕಡೆ ಎಂಬಂತೆ ಸ್ವಲ್ಪ ಅಡ್ಡಡ್ಡ ಜಾರುತ್ತದೆ. ನಿಂತ ದೋಣಿಗೆ ಜಿಪಿಎಸ್ ಕೊಡುವ ದಿಕ್ಕಂತೂ ಬರೀ ಹುಚ್ಚಾಟ.

ಅಯಸ್ಕಾಂತದ ಉತ್ತರಕ್ಕೂ ಭೂಗೋಳದ ಉತ್ತರಕ್ಕೂ ನಮ್ಮ ಕಡೆ ಇರುವ ವ್ಯತ್ಯಾಸ ಪಶ್ಚಿಮಕ್ಕೆ ಒಂದು ಡಿಗ್ರಿಯ ಆಸುಪಾಸು. ಅದೇನೂ ತಲೆನೋವಲ್ಲ. ತಲೆನೋವು ದೋಣಿಯೊಳಗಿನ ಕಬ್ಬಿಣದ್ದು: ಬ್ಯಾಟರಿ, ಹೊರಗೆ ತೂಗುಹಾಕಿದ ಎಂಜಿನ್, ಉಪಕರಣದ ಪೆಟ್ಟಿಗೆ, ಕೊನೆಗೆ ಅಳಿಯನ ಜೇಬಿನ ಮೊಬೈಲ್‌ನ ಸ್ಪೀಕರ್ ಕೂಡ. ಅಲ್ಯೂಮಿನಿಯಂ ಕಂಬ ಮಾತ್ರ ಸಭ್ಯಸ್ಥ. ಚಿಪ್ಪನ್ನು ಮುಂಭಾಗದ ಡೆಕ್‌ನ ಕೆಳಗೆ, ಎಲ್ಲದರಿಂದ ದೂರ ಕೂರಿಸಿ, ದೋಣಿಯನ್ನು ನೀರಿನಲ್ಲಿ ನಿಧಾನವಾಗಿ ಪೂರ್ತಿ ಸುತ್ತು ತಿರುಗಿಸಬೇಕು. ಹಾಯಿ ಇಳಿಸಿ ಹುಟ್ಟು ಹಾಕಿ ತಿರುಗಿಸಿದೆವು. ದಡದಲ್ಲಿ ದನ ಮೇಯಿಸುತ್ತಿದ್ದವರು ನಮಗೆ ದಿಕ್ಕು ತಪ್ಪಿದೆ ಎಂದುಕೊಂಡು ಗೊರೂರಿಗೆ ದಾರಿ ಕೂಗಿ ಹೇಳಿದರು. ಆ ಸುತ್ತಿನಲ್ಲಿ ಸಿಕ್ಕ ಅಂಕಿಗಳನ್ನು ಚುಕ್ಕಿಗಳಾಗಿ ಇಟ್ಟರೆ ವೃತ್ತ ಮೂಡುತ್ತದೆ. ದೋಣಿಯಲ್ಲಿ ಕಬ್ಬಿಣವೇ ಇಲ್ಲದಿದ್ದರೆ ಅದರ ಕೇಂದ್ರ ಸೊನ್ನೆಯ ಮೇಲೆ ಕೂರುತ್ತದೆ. ನಮ್ಮ ವೃತ್ತ ಪಕ್ಕಕ್ಕೆ ಸರಿದು, ಸ್ವಲ್ಪ ಮೊಟ್ಟೆಯಾಗಿತ್ತು. ಸರಿದದ್ದನ್ನು ಕಳೆದು, ಚಪ್ಪಟೆಯಾದದ್ದನ್ನು ಉಬ್ಬಿಸಿದ ಮೇಲೆ ಗಾಜಿನ ಬುರುಡೆಗೂ ಚಿಪ್ಪಿಗೂ ಒಪ್ಪಂದವಾಯಿತು.

ಈ ನಾಲ್ಕನ್ನೂ ಒಂದೆಡೆ ಸೇರಿಸಿದ್ದು ರಾಸ್ಪ್‌ಬೆರಿ ಪೈ ಎಂಬ ಅಂಗೈಯಗಲದ ಕಂಪ್ಯೂಟರ್. ಅದರಲ್ಲಿ ಸಿಗ್ನಲ್ ಕೆ ಎಂಬ ಮುಕ್ತ ತಂತ್ರಾಂಶ ಹಾಕಿದೆವು. ಯಾವ ಬಾಗಿಲಿನಿಂದ ಯಾವ ಭಾಷೆಯಲ್ಲಿ ಬಂದರೂ ಅದು ಒಂದೇ ಪದ್ಧತಿಗೆ ತಂದು, ವೈಫೈ ಮೂಲಕ ಯಾವ ಮೊಬೈಲ್‌ಗಾದರೂ ಬಡಿಸುತ್ತದೆ. ಒಳಗೆ ಎಲ್ಲವೂ ಶುದ್ಧ ವೈಜ್ಞಾನಿಕ ಮಾನಗಳಲ್ಲಿ: ವೇಗ ಸೆಕೆಂಡಿಗೆ ಮೀಟರ್‌ನಲ್ಲಿ, ಉಷ್ಣತೆ ಕೆಲ್ವಿನ್‌ನಲ್ಲಿ, ಕೋನ ರೇಡಿಯನ್‌ನಲ್ಲಿ. ಗಾಳಿಯ ಕೋನ 0.7 ಎಂದು ತೋರಿದಾಗ ಯಜಮಾನರು ‘ಮೂತಿಗೆ ಒಂದು ಡಿಗ್ರಿಯೂ ಇಲ್ಲದೆ ಹಾಯಿ ಉಬ್ಬುವುದೇ?’ ಎಂದು ಕೇಳಿದರು. ಅದು 40 ಡಿಗ್ರಿ ಎಂದು ಅಳಿಯ ಸಮಾಧಾನ ಮಾಡಿದ. ತೋರಿಸುವಾಗ ನಾಟ್ ಮತ್ತು ಡಿಗ್ರಿಗೆ ಬದಲಿಸಿಕೊಂಡರಾಯಿತು; ಒಂದು ನಾಟ್ ಎಂದರೆ ಗಂಟೆಗೆ 1.852 ಕಿಲೋಮೀಟರ್.

ಎಲ್ಲ ಅಂಕಿಗಳೂ ತೆರೆಯ ಮೇಲೆ ಬಂದ ಸಂಜೆ ಅಳಿಯ ‘ಮುಗಿಯಿತು ಮಾವ’ ಎಂದ. ನಿಜವಾದ ಕೆಲಸ ಆರಂಭವಾದದ್ದು ಅಲ್ಲಿಂದಲೇ. ಪ್ರತಿ ಸೆನ್ಸರೂ ತಾನಿರುವ ಜಾಗದ, ತನ್ನ ಕಾಲದ ಸತ್ಯವನ್ನಷ್ಟೇ ಹೇಳುತ್ತದೆ. ತೋಟದಲ್ಲಿ ಗಾಳಿಮಾಪಕದ ಕಂಬವನ್ನು ಕಾಂಕ್ರೀಟಿನಲ್ಲಿ ಹೂತಿರುತ್ತೇವೆ. ಅದು ಹೇಳಿದ್ದೇ ಗಾಳಿ. ದೋಣಿಯಲ್ಲಿ ಕಂಬವೇ ಓಡುತ್ತದೆ. ನಾಲ್ಕು ನಾಟ್ ವೇಗದಲ್ಲಿ ಹೋಗುವ ದೋಣಿಯ ಮೇಲೆ ಮೂತಿಯಿಂದ 40 ಡಿಗ್ರಿ ಓರೆಗೆ 10 ನಾಟ್ ಗಾಳಿ ಕಂಡರೆ, ಅದು ತೋರಿಕೆಯ ಗಾಳಿ. ದೋಣಿಯ ಓಟವನ್ನು ಕಳೆದರೆ ಜಲಾಶಯದ ಮೇಲೆ ಬೀಸುತ್ತಿರುವ ನಿಜವಾದ ಗಾಳಿ 7.4 ನಾಟ್, ಕೋನ 60 ಡಿಗ್ರಿ. ಬೆನ್ನಿಗೆ ಗಾಳಿ ಹಿಡಿದು ಹೋಗುವಾಗ ಇದು ತಲೆಕೆಳಗಾಗುತ್ತದೆ: 10 ನಾಟ್ ಗಾಳಿಯಲ್ಲಿ 4 ನಾಟ್ ಓಡಿದರೆ ದೋಣಿಯಲ್ಲಿ ಕೂತವನಿಗೆ ತಟ್ಟುವುದು 6 ನಾಟ್ ಮಾತ್ರ. ತಣ್ಣಗಿದೆ ಎಂದು ಹಾಯಿ ಪೂರ್ತಿ ಬಿಚ್ಚಿಟ್ಟು, ನಂತರ ಗಾಳಿಗೆ ಎದುರು ತಿರುಗಿ ಬೆಚ್ಚಿಬೀಳುವವರು ಬಹಳ ಮಂದಿ ಎಂದು ಯಜಮಾನರು ಹೇಳಿದರು.

ಈ ಕಳೆಯುವ ಲೆಕ್ಕಕ್ಕೆ ದೋಣಿಯ ವೇಗ ನೀರಿಗೆ ಹೋಲಿಸಿದಂತೆ ಬೇಕು. ಸಮುದ್ರದ ದೋಣಿಗಳಲ್ಲಿ ತಳಕ್ಕೆ ತೂತು ಕೊರೆದು ಒಂದು ಪುಟ್ಟ ಚಕ್ರ ಕೂರಿಸುತ್ತಾರೆ. ನೀರು ಅದನ್ನು ತಿರುಗಿಸುತ್ತದೆ. ಜಿಪಿಎಸ್ ಕೊಡುವ ವೇಗ ನೆಲಕ್ಕೆ ಹೋಲಿಸಿದ್ದು. ಸಮುದ್ರದಲ್ಲಿ ನೀರೇ ಹರಿಯುತ್ತಿರುವುದರಿಂದ ಎರಡೂ ಬೇರೆ. ಹೇಮಾವತಿಯ ಹಿನ್ನೀರು ವಿಶಾಲವಾಗಿ ಹರಡಿರುವ ಕಡೆ ಹರಿವು ಇಲ್ಲವೆನ್ನುವಷ್ಟು ಕಡಿಮೆ. ಹಾಗಾಗಿ ತೂತು ಕೊರೆಯದೆ ಜಿಪಿಎಸ್ ವೇಗವನ್ನೇ ಬಳಸುವ ಅನುಕೂಲ ನಮಗೆ ಸಿಕ್ಕಿತು. ಮೂಡಿಗೆರೆಯ ಜಾವಳಿಯ ಕಡೆ ಹುಟ್ಟಿ ಸಕಲೇಶಪುರ ದಾಟಿ ಬರುವ ನದಿ ಮುಂಗಾರಿನಲ್ಲಿ ತುಂಬಿ ನುಗ್ಗುವಾಗ, ಅದು ಜಲಾಶಯ ಸೇರುವ ಕಡೆಗೆ ಮಾತ್ರ ಈ ಲೆಕ್ಕ ನಡೆಯದು. ಆ ಹೊತ್ತಿನಲ್ಲಿ ಅತ್ತ ದೋಣಿ ಒಯ್ಯುವ ಉಮೇದು ನಮಗೂ ಇರಲಿಲ್ಲ.

ಮುಂಗಾರು ತಗ್ಗಿ, ಪಶ್ಚಿಮದ ಗಾಳಿ ಇನ್ನೂ ಹದವಾಗಿ ಬೀಸುತ್ತಿದ್ದ ದಿನಗಳಲ್ಲಿ ಪರೀಕ್ಷೆಗೆ ಇಳಿದೆವು. ಹಾಯಿದೋಣಿ ನೇರ ಗಾಳಿಗೆ ಎದುರಾಗಿ ಹೋಗಲಾರದು. ಒಮ್ಮೆ ಗಾಳಿಯನ್ನು ಎಡಕ್ಕಿಟ್ಟುಕೊಂಡು, ಒಮ್ಮೆ ಬಲಕ್ಕಿಟ್ಟುಕೊಂಡು ಅಂಕುಡೊಂಕಾಗಿ ಏರಬೇಕು. ಇದೇ ಒಳ್ಳೆಯ ಪರೀಕ್ಷೆಯೂ ಹೌದು. ನಿಜವಾದ ಗಾಳಿಯ ದಿಕ್ಕು ದೋಣಿ ತಿರುಗಿತೆಂದು ಬದಲಾಗಬಾರದು. ನಮ್ಮ ತೆರೆಯ ಮೇಲೆ ಬದಲಾಗುತ್ತಿತ್ತು. ಎಡಕ್ಕಿದ್ದಾಗ ತೋರಿಕೆಯ ಕೋನ 38ರ ಸುತ್ತ, ಬಲಕ್ಕಿದ್ದಾಗ 44ರ ಸುತ್ತ ನಿಲ್ಲುತ್ತಿತ್ತು. ಯಜಮಾನರು ಎರಡೂ ಕಡೆ ಒಂದೇ ಹದದಲ್ಲಿ ಹಾಯಿ ಬಿಗಿದಿದ್ದರು. ಅವರ ಕೈಯ ಮೇಲೆ ನನಗೆ ಅನುಮಾನವಿರಲಿಲ್ಲ. ಎಂದರೆ ಕಂಬದ ತುದಿಯ ಸೆನ್ಸರ್ ಮೂರು ಡಿಗ್ರಿ ಓರೆಯಾಗಿ ಕೂತಿದೆ. ಕಂಬ ಇಳಿಸದೆ ಸಿಗ್ನಲ್ ಕೆ ಒಳಗೇ ಆ ಮೂರು ಡಿಗ್ರಿ ಕಳೆದೆವು, ಎರಡೂ ಕಡೆ 41 ಬಂತು.

ಆಮೇಲೂ ಒಂದು ಕಾಟ ಉಳಿಯಿತು. ದೋಣಿ ತಿರುಗುತ್ತಿರುವ ಕೆಲವು ಸೆಕೆಂಡುಗಳಲ್ಲಿ ನಿಜವಾದ ಗಾಳಿ ಎತ್ತೆತ್ತಲೋ ಹಾರಿ, ನಂತರ ಮರಳಿ ತನ್ನ ಜಾಗಕ್ಕೆ ಬರುತ್ತಿತ್ತು. ಕಾರಣ ಹೊತ್ತಿನದು. ಜಿಪಿಎಸ್ ಸೆಕೆಂಡಿಗೆ ಒಮ್ಮೆ ಮಾತನಾಡುತ್ತದೆ, ಅದೂ ತುಸು ಹಳೆಯ ಸುದ್ದಿ. ದಿಕ್ಸೂಚಿ ಸೆಕೆಂಡಿಗೆ ಹತ್ತು ಸಲ. ಗಾಳಿಯದು ಅಷ್ಟರಲ್ಲಿ ನಾವೇ ಸರಾಸರಿ ಮಾಡಿ ನಿಧಾನಗೊಳಿಸಿದ್ದು. ಈ ಮೂರನ್ನು ಕಣ್ಣುಮುಚ್ಚಿ ಕೂಡಿಸಿದರೆ ಈಗಿನ ಮೂತಿ, ಆಗಿನ ವೇಗ, ಅದರ ಹಿಂದಿನ ಗಾಳಿ ಸೇರಿದ ಚಿತ್ರಾನ್ನವಾಗುತ್ತದೆ. ಜಿಪಿಎಸ್ ಸುದ್ದಿ ಕೊಡುವ ವೇಗ ಹೆಚ್ಚಿಸಿ, ಮೂರಕ್ಕೂ ಒಂದೇ ಅಳತೆಯ ಸರಾಸರಿ ಹಾಕಿ, ದೋಣಿ ಜೋರಾಗಿ ತಿರುಗುತ್ತಿರುವಾಗ ನಿಜವಾದ ಗಾಳಿಯ ಅಂಕಿಯನ್ನು ಹಿಂದಿನದಕ್ಕೇ ನಿಲ್ಲಿಸುವ ವ್ಯವಸ್ಥೆಯನ್ನು ಅಳಿಯ ಬರೆದ. ಅಷ್ಟು ಹೊತ್ತು ಅಂಕಿ ಬೂದು ಬಣ್ಣಕ್ಕೆ ತಿರುಗಬೇಕು ಎಂದು ನಾನು ಹಠ ಹಿಡಿದೆ. ಹಳೆಯ ಅಂಕಿಯನ್ನು ಹೊಸದರ ವೇಷದಲ್ಲಿ ತೋರಿಸುವುದು ನನಗೆ ಸರಿಬರುವುದಿಲ್ಲ.

ದೋಣಿ ಪಕ್ಕಕ್ಕೆ ವಾಲಿದಾಗ ಕಂಬವೂ ವಾಲುತ್ತದೆ, ಅಡ್ಡಗಾಳಿ ಸೆನ್ಸರ್‌ಗೆ ಕಡಿಮೆ ಕಾಣುತ್ತದೆ. 20 ಡಿಗ್ರಿ ವಾಲಿದರೆ ಶೇಕಡ 6ರಷ್ಟು. ವಾಲುವಿಕೆ ದಿಕ್ಸೂಚಿ ಚಿಪ್ಪಿನಿಂದಲೇ ಸಿಗುವುದರಿಂದ ಅದನ್ನೂ ಸರಿಪಡಿಸಿದೆವು. ಇದಕ್ಕಿಂತ ನನಗೆ ರುಚಿಸಿದ್ದು ಯಜಮಾನರ ಒಂದು ದೂರು. ‘ತೆರೆ 12 ನಾಟ್ ಎನ್ನುತ್ತದೆ, ಆದರೆ ಕಡಲಿನ 12 ನಾಟ್‌ನ ಗುದ್ದು ಇಲ್ಲಿ ಇಲ್ಲ’ ಎಂದು ಅವರು ಪದೇ ಪದೇ ಹೇಳುತ್ತಿದ್ದರು. ಸೆನ್ಸರ್ ಸರಿಯಾಗಿಯೇ ಇತ್ತು. ಜಲಾಶಯದ ಗರಿಷ್ಠ ಮಟ್ಟ ಸಮುದ್ರಮಟ್ಟದಿಂದ 2,922 ಅಡಿ, ಸುಮಾರು 890 ಮೀಟರ್. ಅಷ್ಟು ಎತ್ತರದಲ್ಲಿ ಗಾಳಿ ಸಮುದ್ರಮಟ್ಟಕ್ಕಿಂತ ಸುಮಾರು ಶೇಕಡ 8ರಷ್ಟು ತೆಳು. ಬಟ್ಟಲು ಎಣಿಸುವುದು ವೇಗವನ್ನು, ಹಾಯಿಗೆ ತಾಗುವುದು ಭಾರ. ಅವರ ಭುಜಕ್ಕೆ ಆ ಶೇಕಡ 8 ಗೊತ್ತಾಗಿತ್ತು ಎಂಬುದನ್ನು ನೆನೆದರೆ ಈಗಲೂ ಸೋಜಿಗ.

ಆಳಮಾಪಕವನ್ನು ನಂಬುವ ಮೊದಲು ಅದನ್ನೂ ಒರೆಗೆ ಹಚ್ಚಬೇಕಿತ್ತು, ಏಕೆಂದರೆ ಇಲ್ಲಿ ತಪ್ಪಿದರೆ ದೋಣಿಗೇ ಏಟು. 1979ರಲ್ಲಿ ಅಣೆಕಟ್ಟೆ ಮುಗಿದು ನೀರು ನಿಂತಾಗ ಊರುಗಳೇ ಮುಳುಗಿದ ಜಾಗ ಇದು. ಶೆಟ್ಟಿಹಳ್ಳಿಯ ಇಗರ್ಜಿಯ ಅರ್ಧ ಮುಳುಗಿದ ಗೋಡೆಗಳು ಎಲ್ಲರಿಗೂ ಕಾಣುತ್ತವೆ. ಕಾಣದಿರುವ ಮರದ ಬೊಡ್ಡೆಗಳೂ ಕಲ್ಲುಕಟ್ಟಡಗಳೂ ಎಷ್ಟಿವೆಯೋ. ಆಳಮಾಪಕ ಶಬ್ದವನ್ನು ತಳಕ್ಕೆ ಕಳುಹಿಸಿ ಹಿಂದಿರುಗುವ ಹೊತ್ತನ್ನು ಅಳೆಯುತ್ತದೆ. ಬೆಚ್ಚನೆಯ ಸಿಹಿನೀರಿನಲ್ಲಿ ಶಬ್ದ ಸೆಕೆಂಡಿಗೆ ಸುಮಾರು 1,500 ಮೀಟರ್ ಸಾಗುತ್ತದೆ, ಅಷ್ಟೇ ಬೆಚ್ಚಗಿನ ಕಡಲಿನಲ್ಲಿ ಅದಕ್ಕಿಂತ ಶೇಕಡ ಎರಡು ಮೂರು ಹೆಚ್ಚು. ತೆಪ್ಪದಲ್ಲಿ ಬಲೆ ಬಿಡಲು ಬಂದಿದ್ದ ಮೀನುಗಾರರೊಬ್ಬರು ಕಲ್ಲು ಕಟ್ಟಿದ ಹಗ್ಗ ಇಳಿಸಿ ನೆರವಾದರು. ಹಗ್ಗದ ಅಳತೆಗೂ ತೆರೆಯ ಅಂಕಿಗೂ ಎಲ್ಲ ಕಡೆ ಒಂದೇ ವ್ಯತ್ಯಾಸ; ಸೆನ್ಸರ್ ನೀರಿನ ಮಟ್ಟದಿಂದ ಎಷ್ಟು ಕೆಳಗಿದೆಯೋ ಅಷ್ಟು. ಅದನ್ನು ಸೇರಿಸಿದ ಮೇಲೆ ಸರಿಹೋಯಿತು. ಅದಕ್ಕಿಂತ ದೊಡ್ಡ ಉಪಕಾರವೆಂದರೆ ‘ಅಲ್ಲಿ ಹೋಗಬೇಡಿ ಅಣ್ಣ, ಹುಣಸೆಮರ ನಿಂತಿದೆ’ ಎಂದು ಅವರು ತೋರಿಸಿದ ಜಾಗಗಳು. ಆಳಮಾಪಕ ನೋಡುವುದು ನೇರ ಕೆಳಗೆ. ಎದುರಿಗಿರುವ ಕೊಂಬೆ ಅದಕ್ಕೆ ಕಾಣದು. ಆ ಜಾಗಗಳನ್ನೆಲ್ಲ ನಕ್ಷೆಯಲ್ಲಿ ಕೆಂಪು ಚುಕ್ಕಿ ಮಾಡಿಟ್ಟೆವು. ನೀರಿನ ಮಟ್ಟ ಇಳಿದಂತೆ ಆಳವೂ ಬದಲಾಗುವುದರಿಂದ, ಪತ್ರಿಕೆಯಲ್ಲಿ ದಿನವೂ ಬರುವ ಜಲಾಶಯದ ಮಟ್ಟದಿಂದ ಆ ದಿನದ ಆಳವನ್ನು ಕಳೆದು ತಳದ ಎತ್ತರವನ್ನೇ ಬರೆದಿಡುವ ಉಪಾಯ ಅಳಿಯನದು. ಮಟ್ಟ ಯಾವುದಿದ್ದರೂ ತಳ ಅಲ್ಲೇ ಇರುತ್ತದಲ್ಲ.

ತೆರೆಯ ವಿಚಾರದಲ್ಲಿ ನನಗೂ ಅಳಿಯನಿಗೂ ಸಣ್ಣ ಯುದ್ಧವೇ ನಡೆಯಿತು. ಅವನು ಮೊದಲು ಕಟ್ಟಿದ ಪುಟ ವಿಮಾನದ ಕಾಕ್‌ಪಿಟ್‌ನಂತಿತ್ತು: ಮುಳ್ಳುಗಳು, ಬಣ್ಣಗಳು, ಬ್ಯಾಟರಿಯ ಉಷ್ಣತೆ, ಉಪಗ್ರಹಗಳ ಸಂಖ್ಯೆ. ಯಜಮಾನರು ಒಮ್ಮೆ ನೋಡಿ, ‘ಇದನ್ನು ಓದುವಷ್ಟರಲ್ಲಿ ದೋಣಿ ದಡ ಹತ್ತಿರುತ್ತದೆ’ ಎಂದರು. ಕೊನೆಗೆ ಉಳಿದದ್ದು ನಾಲ್ಕು ಅಂಕಿಗಳು: ತೋರಿಕೆಯ ಗಾಳಿಯ ಕೋನ, ನಿಜವಾದ ಗಾಳಿಯ ವೇಗ, ದೋಣಿಯ ವೇಗ, ಆಳ. ಮಿಕ್ಕದ್ದು ಬೇಕಾದವರ ಮೊಬೈಲ್‌ನಲ್ಲಿ. ಮೊದಲು ಇಟ್ಟಿದ್ದ ಅಗ್ಗದ ಟ್ಯಾಬ್ಲೆಟ್ ಮಧ್ಯಾಹ್ನದ ಬಿಸಿಲಿಗೆ ಕಾದು ತಾನೇ ಆರಿಹೋಗುತ್ತಿತ್ತು. ಆರದಿದ್ದಾಗ ಕನ್ನಡಿಯಾಗಿ ನಮ್ಮದೇ ಮುಖ ತೋರಿಸುತ್ತಿತ್ತು. ಬೆಳಕನ್ನು ಹೊಮ್ಮಿಸುವ ತೆರೆ ಬಿಟ್ಟು, ಬಿಸಿಲನ್ನೇ ಪ್ರತಿಫಲಿಸುವ ಕಪ್ಪುಬಿಳುಪು ಎಲ್‌ಸಿಡಿ ಹಾಕಿದೆವು. ಬಿಸಿಲು ಹೆಚ್ಚಿದಷ್ಟೂ ಅದು ಚೆನ್ನಾಗಿ ಕಾಣುತ್ತದೆ.

ವಿದ್ಯುತ್ತಿಗೆ ಯುಪಿಎಸ್‌ನಲ್ಲಿ ಬಳಸುವ 12 ವೋಲ್ಟ್, 7 ಆಂಪಿಯರ್-ಅವರ್ ಬ್ಯಾಟರಿ. ಎಲ್ಲ ಸೇರಿ 5 ವ್ಯಾಟ್ ಎಂದುಕೊಂಡರೂ ಕಾಗದದ ಲೆಕ್ಕದಲ್ಲಿ 16 ಗಂಟೆ. ಅದರ ಅರ್ಧವನ್ನಷ್ಟೇ ನಂಬಬೇಕು. ಪೈ ಕಂಪ್ಯೂಟರ್ ಹಠಾತ್ತನೆ ಆರಿದರೆ ಅದರ ಮೆಮೊರಿ ಕಾರ್ಡ್ ಕೆಡುತ್ತದೆ, ಆದ್ದರಿಂದ ಕಾರ್ಡಿನ ಮೇಲೆ ಏನೂ ಬರೆಯದಂತೆ ಬೀಗ ಹಾಕಿ, ದಾಖಲೆಗೆ ಬೇರೆ ಪೆನ್‌ಡ್ರೈವ್ ಕೊಟ್ಟೆವು. ನೀರು ನುಗ್ಗದ ಕೇಬಲ್ ಗ್ಲಾಂಡ್‌ಗಳು ಮೋಟಾರ್ ಪಂಪ್ ಅಂಗಡಿಯಲ್ಲಿ, ಒಳಗೆ ಅಂಟು ಇರುವ, ಬಿಸಿಗೆ ಕುಗ್ಗುವ ಕೊಳವೆ ವಾಹನಗಳ ವೈರಿಂಗ್ ಅಂಗಡಿಯಲ್ಲಿ ಸಿಕ್ಕವು. ತವರ ಲೇಪಿಸಿದ ತಾಮ್ರದ ತಂತಿ ಮಾತ್ರ ಹಾಸನದಲ್ಲಿ ಸಿಗಲಿಲ್ಲ. ಸಿಹಿನೀರಿಗೆ ಸಾಮಾನ್ಯ ತಂತಿಯೇ ಸಾಕಾಗಿತ್ತು. ಆದರೆ ಯಜಮಾನರ ಮನಸ್ಸಿನಲ್ಲಿ ಬೇರೆಯೇ ಲೆಕ್ಕ ಇತ್ತು.

ಮುಂದಿನ ಬೇಸಿಗೆಗೆ ನೀರು ಇಳಿದಾಗ ದೋಣಿಯನ್ನು ಮತ್ತೆ ಘಾಟಿ ಇಳಿಸಿ ಮಂಗಳೂರಿನ ಕಡೆ ಒಯ್ಯುತ್ತಾರಂತೆ. ಅಲ್ಲಿ ಉಬ್ಬರ, ಇಳಿತ, ಅಳಿವೆಯ ಸೆಳೆತ ಎಲ್ಲವೂ ಉಂಟು. ಜಿಪಿಎಸ್ ವೇಗವನ್ನು ನೀರಿನ ವೇಗವೆಂದು ನಡೆಸುವ ಹಾಗಿಲ್ಲ. ಚಕ್ರದ ಸೆನ್ಸರ್ ಈಗಾಗಲೇ ಬಂದು ನನ್ನ ಮೇಜಿನ ಮೇಲಿದೆ. ತವರದ ತಂತಿಯೂ ಬಂದಿದೆ, ಹಳೆಯದನ್ನೆಲ್ಲ ಕಿತ್ತು ಮತ್ತೆ ಎಳೆಯಬೇಕು. ಅದೆಲ್ಲ ಮಾಡಿಕೊಡುತ್ತೇನೆ. ಒಳ್ಳೆಯ ದೋಣಿಯ ತಳಕ್ಕೆ ತೂತು ಕೊರೆಯುವ ಕೆಲಸ ಮಾತ್ರ ಅವರೇ ಮಾಡಿಕೊಳ್ಳಬೇಕು ಎಂದು ಈಗಲೇ ಹೇಳಿಬಿಟ್ಟಿದ್ದೇನೆ.